3 ಲೀಟರ್ ಇನ್‌ಸ್ಟಂಟ್ ಗೀಸರ್ ಛಲೋ ಐತಿ, ಆದ್ರ ಫ್ರೀ ಫಿಟ್ಟಿಂಗ್ ಅಂತ ಸುಮ್ನ ಬಿಡಬ್ಯಾಡ್ರಿ (ಧಾರವಾಡ)

ಗೀಸರಿಗೆ 5ರಾಗ 4 ಸ್ಟಾರ್. ಕಂಪನಿಯಿಂದ ಬಂದ ಫ್ರೀ ಫಿಟ್ಟಿಂಗಿಗೆ 1. ಆಮ್ಯಾಲ ನಾವ ಕರಸಿದ ನಮ್ಮ ಓಣಿ ವಾಯರ್‌ಮನ್ ಕಾಕಾರ ಕೆಲಸಕ್ಕ 5ಕ್ಕ 5, ಇನ್ನೂ ಜಾಸ್ತಿ ಕೊಡಾಕ ಬರ್ತಿದ್ರ ಕೊಡ್ತಿದ್ದೆ. ಕಂಪನಿ ಹೆಸರು ಬರಿಯೂದಿಲ್ಲ, ಯಾಕಂದ್ರ ನೀವು ಯಾವ ಕಂಪನಿದು ತಗೊಂಡ್ರೂ ಇದ ಕಥಿ, ಎಲ್ಲಾರೂ ಗ್ವಾಡಿಗೆ ಹಾಕಿ ಹೋಗ್ತಾರ, ಗ್ವಾಡಿ ಒಳಗ ಏನೈತಿ ಯಾರೂ ನೋಡೂದಿಲ್ಲ. ಉದ್ದ ಆಗ್ತೈತಿ ರಿವ್ಯೂ, ಆದ್ರ ಮನ್ಯಾಗ ಸಣ್ಣ ಹುಡುಗ್ರು, ವಯಸ್ಸಾದವ್ರು ಇದ್ರ ಪೂರ್ತಿ ಓದ್ರಿ.

ನಮ್ಮದು ಮಾಳಮಡ್ಡಿ ಕಡೆ ಹಳೇ ಮನಿ. ಮ್ಯಾಲ ಸೋಲಾರ್ ಐತಿ, ಆದ್ರ ಧಾರವಾಡದಾಗ ಮಳಿಗಾಲ ಹಿಡಿತಂದ್ರ ನಿಮಗ ಗೊತ್ತಲ್ಲ, ಜೂನಿಂದ ಸೆಪ್ಟೆಂಬರ್ ತನಕ ಬಿಸಲ ಮಾರಿ ಕಾಣೂದು ಅಪರೂಪ, ಸೋಲಾರ್ ನೀರು ಬೆಚ್ಚಗ ಸುದ್ದಾ ಆಗೂದಿಲ್ಲ. ಅತ್ತಿಯವ್ರು ಹಂಡೆಕ ಉರಿ ಹಾಕ್ತಿದ್ರು, ಈಗ ಹೊಗಿ ಆಗಿ ಬರೂದಿಲ್ಲ ಅವ್ರಿಗೆ. ಅದಕ್ಕ ಬಚ್ಚಲಮನಿಗೆ ಒಂದು ಸಣ್ಣದು ಇನ್‌ಸ್ಟಂಟ್ ಗೀಸರ್ ಅಂತ ನಿಕ್ಕಿ ಮಾಡಿದ್ವಿ, 3 ಲೀಟರಿಂದು, 3 ಕಿಲೋವ್ಯಾಟ್, ಡಬ್ಬಿ ಮ್ಯಾಲ ಐಎಸ್‌ಐ ಮಾರ್ಕ್ ಇದ್ದದ್ದು.

ಮೊದ್ಲ ಗೀಸರಿನ ಬಗ್ಗೆ ಹೇಳಿಬಿಡ್ತೀನಿ. ಕೆಲಸ ಛಲೋ ಮಾಡ್ತೈತಿ. ಡಿಸೆಂಬರ್ ಮುಂಜಾನೆ ಟ್ಯಾಂಕಿನ ನೀರು ಕೈ ಕೊರಿಯೂವಂಗ ಇರ್ತೈತಿ, ಆಗ ಸ್ವಿಚ್ ಹಾಕಿ ಸುಮಾರು ಮೂರು ನಿಮಿಷ ಬಿಟ್ರ ಒಳಗಿನ 3 ಲೀಟರ್ ಸುಡು ಸುಡು ಆಗಿರ್ತೈತಿ. ಅದಾದ ಮ್ಯಾಲ ನಳ ಬಿಟ್ಟು ಬಕೀಟ್ ತುಂಬಿಸ್ತಾ ಹೋದ್ರ ನಿಮಿಷಕ್ಕ 2 ಲೀಟರಿನ ಲೆಕ್ಕದಾಗ ಬಿಸಿನೀರು ಬರ್ತೈತಿ. ಇದು ಯಾವ ಕಂಪನಿದಾದ್ರೂ ಅಷ್ಟ, 3 ಕಿಲೋವ್ಯಾಟಿನ್ಯಾಗ ಮಿನಿಟಿಗೆ 2 ಲೀಟರಿನ ನೀರನ್ನ 20 ಡಿಗ್ರಿ ಮ್ಯಾಲ ಏರಸಬಹುದು, ಅದಕ್ಕಿಂತ ಜೋರ ನಳ ಬಿಟ್ರ ಉಗರಬೆಚ್ಚಗ ಬರ್ತೈತಿ, ಗೀಸರ್ ಕೆಟ್ಟತಿ ಅಂತ ಬೈಬ್ಯಾಡ್ರಿ. ಒಂದು 15 ಲೀಟರಿನ ಬಕೀಟಿಗೆ ಹತ್ರತ್ರ ಮೂರನೇ ಒಂದು ಯೂನಿಟ್ ಕರೆಂಟ್ ಹೋಗ್ತೈತಿ, ಮನ್ಯಾಗ ನಾಕ ಮಂದಿ ಇದ್ರೂ ಬಿಲ್ಲಿಗೆ ದೊಡ್ಡ ಪೆಟ್ಟು ಬೀಳೂದಿಲ್ಲ. ಒಂದು ಸ್ಟಾರ್ ಯಾಕ ಕಡಿಮಿ ಮಾಡ್ದೆ ಅಂದ್ರ ವಾಯರ್ ಭಾಳ ಗಿಡ್ಡ ಕೊಟ್ಟಾರ, ಮತ್ತ ಗೀಸರಿಗೆ ನೀರು ಹೋಗೂವಲ್ಲಿ ಇರೂ ಜಾಳಿಗಿ ನಮ್ಮ ಬೋರಿನ ನೀರಿಗೆ ಬೇಗ ಕಟ್ತೈತಿ, ಆವಾಗಾವಾಗ ಬಿಚ್ಚಿ ತೊಳಿಬೇಕು.

ತಗೊಂಡದ್ದು ಹುಬ್ಬಳ್ಳಿ ಒಳಗ, ದುರ್ಗದ ಬೈಲ ಕಡೆ ಒಂದು ದೊಡ್ಡ ಅಂಗಡ್ಯಾಗ. ಅಂಗಡಿಯವ್ರು ಮಾತಿಗೆ ಭಾಳ ಛಲೋ, ರೇಟು ಹೇಳ್ದಂಗ ಕೊಟ್ರು, ಎಷ್ಟು ಲೀಟರ್ ಬೇಕು, ಯಾವ ಬಣ್ಣ ಬೇಕು, ವಾರಂಟಿ ಎಷ್ಟು ವರ್ಷ ಎಲ್ಲಾ ಹೇಳಿದ್ರು. ಆದ್ರ "ನಿಮ್ಮ ಬಚ್ಚಲಮನ್ಯಾಗ ಅರ್ಥಿಂಗ್ ಐತೇನ್ರಿ, ಲೈನ್ ಎಷ್ಟು ಎಂಎಂ ವಾಯರ್ ಐತಿ" ಅಂತ ಯಾರೂ ಕೇಳಲಿಲ್ಲ. (ಅರ್ಥಿಂಗ್ ಅಂದ್ರ ಲೀಕ್ ಆದ ಕರೆಂಟನ್ನ ನೆಲಕ್ಕ ಒಯ್ಯೂ ವಾಯರ್.) ನಾ ಕೇಳಿದ್ದಕ್ಕ "ಕಂಪನಿ ಹುಡುಗ ಬರ್ತಾನ, ಅವ ಎಲ್ಲಾ ನೋಡ್ತಾನ್ರಿ" ಅಂದ್ರು.

ಕಂಪನಿ ಹುಡುಗ ಬಂದ. ಎರಡು ತೂತು ಕೊರದು, ಸ್ಕ್ರೂ ಹೊಡದು, ಗೀಸರ್ ತೂಗುಹಾಕಿ, ಎರಡೂ ಪೈಪ್ ಕೂಡಿಸಿ, ಮೊದ್ಲಿಂದ ಅಲ್ಲೇ ಇದ್ದ ದೊಡ್ಡ ಪ್ಲಗ್ಗಿನ್ಯಾಗ ಸಿಗಿಸಿ, ಸ್ವಿಚ್ ಹಾಕಿ, ಬಿಸಿನೀರು ಬಂತು ನೋಡ್ರಿ ಅಂದು ಫೋನಿನ್ಯಾಗ ಸಹಿ ಮಾಡಿಸ್ಕೊಂಡು ಹೊಂಟುಬಿಟ್ಟ. ನಾ ಅರ್ಥಿಂಗ್ ಚೆಕ್ ಮಾಡಪಾ ಅಂದ್ರ "ಮೂರು ತೂತು ಅದಾವಲ್ರಿ ಅಕ್ಕಾರ, ಅರ್ಥಿಂಗ್ ಇದ್ದ ಇರ್ತೈತಿ" ಅಂದ. ಟೆಸ್ಟರ್ ಹಚ್ಚಿ ಫೇಸ್ (ಕರೆಂಟ್ ಬರೂ ವಾಯರ್) ಐತಿ ಅಂತ ತೋರಿಸಿದ, ಅಷ್ಟ. ಆ ಹುಡುಗನ್ನ ಬೈಯೂದಿಲ್ಲ ನಾನು, ಅವನ ಬ್ಯಾಗಿನ್ಯಾಗ ಟೆಸ್ಟರ್ ಬಿಟ್ರ ಏನೂ ಇರಲಿಲ್ಲ, ಮುಂದಿನ ಮನಿಯವ್ರು ಫೋನ್ ಮಾಡಾಕತ್ತಿದ್ರು. ಬೈಬೇಕಾಗಿದ್ದು ಅವನಿಗೆ ಬರೇ ಗ್ವಾಡಿಗೆ ತೂಗುಹಾಕೂದು ಕಲಿಸಿ ಅದಕ್ಕ ಇನ್‌ಸ್ಟಾಲೇಶನ್ ಅಂತ ಹೆಸರು ಇಟ್ಟವ್ರನ್ನ. ಡಬ್ಬ್ಯಾಗ ಬಂದ ಪುಸ್ತಕ ಓದ್ರಿ, ವೈರಿಂಗ್, ಅರ್ಥಿಂಗ್ ಗಿರಾಕಿ ಜವಾಬ್ದಾರಿ ಅಂತ ಸಣ್ಣ ಅಕ್ಷರದಾಗ ಬರದಿರ್ತಾರ.

ಕೆಲವು ದಿನ ಎಲ್ಲಾ ಸುರಳೀತ ನಡೀತು. ಆಮ್ಯಾಲ ಒಂದಿನ ಮುಂಜಾನೆ ಅತ್ತಿಯವ್ರು "ನಳ ಮುಟ್ಟಿದ್ರ ಕೈ ಜುಂ ಅಂತೈತಿ ನೋಡವಾ" ಅಂದ್ರು. ನಾ ಹೋಗಿ ನೋಡ್ತೀನಿ, ಪ್ಲಗ್ಗಿನ ಹತ್ರ ಸುಟ್ಟ ವಾಸನಿ, ಬಿಳೇ ಪ್ಲೇಟಿನ ಒಂದು ಮೂಲಿ ಹಳದಿ ಆಗೇತಿ. ತಕ್ಷಣ ಮೇನ್ ಇಳಿಸಿ ಕಾಕಾರಿಗೆ ಫೋನ್ ಮಾಡಿದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ನಳ, ಷವರ್, ಬಕೀಟಿನ ನೀರು, ಎಲ್ಲೇ ಆಗಲಿ ಜುಂ ಅಂದ್ರ "ಸಣ್ಣ ಶಾಕ್ ಬಿಡ, ಚಪ್ಲಿ ಹಾಕ್ಕೊಂಡು ಸ್ನಾನಾ ಮಾಡ" ಅಂತ ಬಿಡಬ್ಯಾಡ್ರಿ, ಅವತ್ತ ಲೈನ್ ಬಂದ್ ಮಾಡ್ರಿ. ಇವತ್ತು ಜುಂ ಅಂದದ್ದು ನಾಳೆ ಪೂರ್ತಿ 230 ವೋಲ್ಟ್ ಯಾಕ ಆಗ್ತೈತಿ ಅನ್ನೂದನ್ನ ಕೆಳಗ ಹೇಳ್ತೀನಿ.

ಕಾಕಾರು ಈ ಕಡೆ ಹಳೇ ಮನಿಗಳ ವೈರಿಂಗ್ ಎಲ್ಲಾ ಬಲ್ಲವ್ರು, ಸರ್ಕಾರದ ವಾಯರ್‌ಮನ್ ಪರ್ಮಿಟ್ ಐತಿ ಅವ್ರಿಗೆ. ಬಂದವ್ರು ಮೊದ್ಲ ಗೀಸರ್ ಮುಟ್ಟಲಿಲ್ಲ, ಪ್ಲಗ್ ಕಿತ್ತಿಟ್ರು. ಒಂದು 60 ವ್ಯಾಟ್ ಬಲ್ಬಿನ ಹೋಲ್ಡರಿಗೆ ಎರಡು ವಾಯರ್ ಬಿಟ್ಟಿದ್ದು ತಂದಿದ್ರು, ಮೇನ್ ಏರಿಸಿ ಒಂದು ಫೇಸಿಗೆ, ಒಂದು ಅರ್ಥಿನ ದೊಡ್ಡ ತೂತಿಗೆ ಹಿಡಿದ್ರು, ಬಲ್ಬ್ ಝಗ್ ಅಂತ ಪೂರ್ತಿ ಹತ್ತಿತು. ನಾನು "ಹಂಗಾದ್ರ ಅರ್ಥಿಂಗ್ ಐತಲ್ರಿ ಕಾಕಾ" ಅಂದೆ. ಅವ್ರು "ತಡಿಯವಾ, ಬಲ್ಬ್ ಹತ್ತಿದ್ರ ಅರ್ಥಿಂಗ್ ಐತಿ ಅಂತ ಅಲ್ಲ, ಕರೆಂಟ್ ಎಲ್ಲಿಂದರ ವಾಪಸ್ ಹೋಗಾಕತ್ತೈತಿ ಅಂತ ಅಷ್ಟ, ಎಲ್ಲಿಂದ ಅನ್ನೂದು ನೋಡೂಣು" ಅಂದು ಮತ್ತ ಮೇನ್ ಇಳಿಸಿ ಪ್ಲೇಟ್ ಬಿಚ್ಚಿದ್ರು. (ಇದನ್ನ ನೀವು ಮನ್ಯಾಗ ಮಾಡಾಕ ಹೋಗಬ್ಯಾಡ್ರಿ. ಅರ್ಥಿಂಗ್ ಎಲ್ಲರ ನಡುವ ಕಡದಿದ್ರ ಬಲ್ಬಿನ ಮುಖಾಂತರ ಆ ಅರ್ಥಿಗೆ ಕೂಡಿದ ಮನಿ ಎಲ್ಲಾ ಸಾಮಾನಿಗೂ ಕರೆಂಟ್ ಬರ್ತೈತಿ.)

ಪ್ಲೇಟಿನ ಹಿಂದ ನೋಡಿದ್ದನ್ನ ನಾ ಇನ್ನೂ ಮರ್ತಿಲ್ಲ. ಮೂರನೇ ತೂತಿಗೆ ಅರ್ಥಿನ ಹಸರ ವಾಯರ್ ಬಂದ ಇರಲಿಲ್ಲ. ಬದ್ಲಿ ಒಂದು ಬೆರಳಿನಷ್ಟು ಉದ್ದದ ಕಪ್ಪು ವಾಯರಿನ ತುಂಡು, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೂ ವಾಯರ್) ಸ್ಕ್ರೂದಿಂದ ನೇರ ಅರ್ಥಿನ ಸ್ಕ್ರೂಕ್ಕ ಹಾಕಿಬಿಟ್ಟಿದ್ರು. ಯಾವ ಕಾಲದಾಗ ಯಾರು ಹಾಕ್ಯಾರೋ ಗೊತ್ತಿಲ್ಲ. ಅದರ ಹಿಂದ ಡಬ್ಬ್ಯಾಗ ಹಳೇ ಅಲ್ಯೂಮಿನಿಯಂ ವಾಯರಿಗೆ ತಾಮ್ರದ ವಾಯರ್ ಹುರಿ ಮಾಡಿ ಸುತ್ತಿ ಟೇಪ್ ಹಚ್ಚಿದ್ದು, ನ್ಯೂಟ್ರಲ್ ಕಡೆ ಜಾಯಿಂಟಿನ ಟೇಪ್ ಕರಗಿ ಕರ್ರಗಾಗಿ, ಬೆರಳ ಹಚ್ಚಿದ್ರ ಮ್ಯಾಲಿನ ಪ್ಲಾಸ್ಟಿಕ್ ಪುಡಿ ಪುಡಿ ಉದರ್ತಿತ್ತು. ಅಲ್ಯೂಮಿನಿಯಂ ತಾಮ್ರ ಎರಡೂ ಹಿಂಗ ಬರೇ ಕೈಲೆ ಸುತ್ತಿದ್ರ ವರ್ಷ ಹೋದಂಗ ನಡುವ ಜಂಗ ಕೂಡ್ತೈತಿ, ಜಾಯಿಂಟ್ ಸಡಲ ಆಗ್ತೈತಿ, ಬಚ್ಚಲಮನಿ ಹಸಿಗೆ ಇನ್ನೂ ಜಲ್ದಿ.

ಈಗ ಲೆಕ್ಕ ನೋಡ್ರಿ. 3000 ವ್ಯಾಟನ್ನ 230 ವೋಲ್ಟಿಲೆ ಭಾಗಿಸಿದ್ರ 13 ಆಂಪಿಯರ್. ಒಂದು ಸೀಲಿಂಗ್ ಫ್ಯಾನ್ 75 ವ್ಯಾಟ್ ಅಂತ ಹಿಡಿದ್ರ 40 ಫ್ಯಾನ್ ಒಂದ ವಾಯರಿನ್ಯಾಗ ತಿರುಗಿದಷ್ಟು. ಆ ಸಡಲ ಜಾಯಿಂಟಿನ್ಯಾಗ ಬರೇ 1 ಓಮ್ ಅಡ್ಡಿ ಇತ್ತಂದ್ರ 13ನ್ನ 13ಲೆ ಗುಣಿಸ್ರಿ, 169 ವ್ಯಾಟ್ ಶಾಖ ಆ ಒಂದ ಗಂಟಿನ್ಯಾಗ, ಅದೂ ಗ್ವಾಡಿ ಒಳಗಿನ ಪ್ಲಾಸ್ಟಿಕ್ ಡಬ್ಬ್ಯಾಗ. ಟೇಪ್ ಕರಗದ ಏನಾಗ್ತೈತಿ. ಮತ್ತ ಅದ ಜಾಯಿಂಟಿನ್ಯಾಗ 13 ವೋಲ್ಟ್ ನಿಲ್ತೈತಿ, ಆ ತುಂಡು ವಾಯರ್ ದಯದಿಂದ ಅದು ಅರ್ಥಿನ ಪಿನ್ನಿಗೆ ಬರ್ತೈತಿ, ಅಲ್ಲಿಂದ ಗೀಸರಿನ ಒಳಗಿನ ತಾಮ್ರದ ಟ್ಯಾಂಕಿಗೆ, ಅಲ್ಲಿಂದ ನೀರು, ನಳ. ಹಸಿ ಕೈಗೆ ಜುಂ ಅಂದದ್ದು ಇದ. ಗೀಸರಿನ್ಯಾಗ ಏನೂ ದೋಷ ಇರಲಿಲ್ಲ. ಇನ್ನ ಆ ನ್ಯೂಟ್ರಲ್ ಜಾಯಿಂಟ್ ಪೂರ್ತಿ ಸುಟ್ಟು ಬಿಟ್ಟುಬಂದಿದ್ರ ಏನಾಗ್ತಿತ್ತು? ಫೇಸ್ ಎಲಿಮೆಂಟಿನ (ನೀರು ಕಾಸೂ ಕಾಯಿಲ್) ಮುಖಾಂತರ ನ್ಯೂಟ್ರಲ್ ಪಿನ್ನಿಗೆ ಬಂದು, ಮುಂದ ಹೋಗಾಕ ದಾರಿ ಇಲ್ದ, ಆ ತುಂಡು ವಾಯರಿನಿಂದ ಪೂರ್ತಿ 230 ವೋಲ್ಟ್ ಟ್ಯಾಂಕಿಗೆ, ನಳಕ್ಕ. ನೀರು ಬಿಸಿ ಆಗೂದಿಲ್ಲ, ಯಾಕ ಆಗವಲ್ದು ಅಂತ ಹಸಿ ಕಾಲಿಲೆ ನಿಂತು ನಳ ತಿರುವಿದವ್ರು ಉಳಿಯೂದು ಕಷ್ಟ. ಎಂಸಿಬಿ (ಕರೆಂಟ್ ಮಿತಿ ಮೀರಿದ್ರ ತಾನ ಬೀಳೂ ಸ್ವಿಚ್) ಬೀಳೂದ ಇಲ್ಲ, ಯಾಕಂದ್ರ ಅದಕ್ಕ ಇದು ದೊಡ್ಡ ಕರೆಂಟ ಅಲ್ಲ.

ಇದು ಬರೇ ನಮ್ಮ ಮನ್ಯಾಗ ಇದ್ದದ್ದಲ್ಲ ಅಂತಾರ ಕಾಕಾರು. ಅರ್ಥಿಂಗಿಗೆ ನೆಲದಾಗ ಗುಂಡಿ ತೋಡೂ ಖರ್ಚು ಉಳಸಾಕ, ಇಲ್ಲಾ ಮಾಲಕರು "ಅರ್ಥಿಂಗ್ ಬೇಕ್ರಿ, ಫ್ರಿಜ್ ಶಾಕ್ ಹೊಡಿತೈತಿ" ಅಂತ ಗಂಟ ಬಿದ್ದಾಗ ಅರ್ಧ ತಾಸಿನ್ಯಾಗ ಕೆಲಸ ಮುಗಸಾಕ ನ್ಯೂಟ್ರಲಿಂದ ಒಂದು ತುಂಡು ಹಾಕಿಬಿಡ್ತಾರ. ಟೆಸ್ಟರಿಗೆ ಗೊತ್ತಾಗಂಗಿಲ್ಲ, ಬಲ್ಬಿಗೆ ಗೊತ್ತಾಗಂಗಿಲ್ಲ, ಮೂರು ಲೈಟಿನ ಪ್ಲಗ್ ಟೆಸ್ಟರ್ ಆನ್‌ಲೈನಿನ್ಯಾಗ ಸಿಗ್ತೈತಲ್ಲ, ಅದೂ ಎಲ್ಲಾ ಬರೋಬ್ಬರಿ ಅಂತ ತೋರಿಸ್ತೈತಿ. ಪ್ಲೇಟ್ ಬಿಚ್ಚಿ ಕಣ್ಣಿಲೆ ನೋಡ್ಬೇಕು. ಸಾಕೆಟ್ಟಿಗೆ ಬಂದ ಹಸರ ವಾಯರ್ ಮೇನ್ ಬೋರ್ಡಿಗೆ ಹೋಗೇತೇನು, ಅಲ್ಲಿಂದ ಹೊರಗಿನ ಗುಂಡಿಗೆ ಹೋಗೇತೇನು, ಗುಂಡ್ಯಾಗ ಇನ್ನೂ ಕೂಡೇತೇನು, ಅಲ್ಲಿ ತನಕ.

ನಮ್ಮ ಗುಂಡಿ ಕಥಿ ಕೇಳ್ರಿ. ಹಿತ್ತಲದಾಗ ಒಂದು ಪೈಪ್ ಕಾಣ್ತಿತ್ತು, ಅರ್ಥಿಂಗ್ ಅಂತ ಎಲ್ಲಾರೂ ನಂಬಿದ್ವಿ. ಕಾಕಾರು ಮ್ಯಾಲಿನ ಮಣ್ಣು ಸರಿಸಿದ್ರ ಜಿಐ (ಸತುವಿನ ಲೇಪದ ಕಬ್ಬಣ) ತಂತಿ ಜಂಗ ತಿಂದು ನೆಲದ ಮಟ್ಟಕ್ಕ ಕಡದಿತ್ತು. ಹೊಸಾ ಗುಂಡಿ ತಗಿಸಿ, ಪೈಪ್ ನಿಲ್ಲಿಸಿ, ಸುತ್ತ ಇದ್ದಲಿ ಉಪ್ಪು ಪದರ ಪದರ ಹಾಕಿ, ಮ್ಯಾಲ ನೀರು ಹಾಕಾಕ ಸಣ್ಣ ಕಟ್ಟಿ ಕಟ್ಟಿಸಿ, ಅಲ್ಲಿಂದ ತಾಮ್ರದ ವಾಯರ್ ಎಳದ್ರು. ಒಬ್ಬ ಕಾಂಟ್ರ್ಯಾಕ್ಟರ್ ಕಡೆಯಿಂದ ಅರ್ಥ್ ಟೆಸ್ಟರ್ ಇಸ್ಕೊಂಡು ಬಂದು, ದೂರ ದೂರ ಎರಡು ಮೊಳಿ ನೆಟ್ಟು ಅಳದು ತೋರಿಸಿದ್ರು, 4 ಓಮ್ ಬಂತು. ಗದಗ, ನವಲಗುಂದ, ಅಣ್ಣಿಗೇರಿ ಕಡೆ ಎರಿ ಭೂಮಿಯವ್ರು ಒಂದು ಗಮನಾ ಇಡ್ರಿ. ಎರಿ ಮಣ್ಣು ಹಸಿ ಇದ್ದಾಗ ಅರ್ಥಿಂಗಿಗೆ ಭಾಳ ಛಲೋ, ಆದ್ರ ಬ್ಯಾಸಿಗ್ಯಾಗ ಒಣಗಿ ಬಿರುಕು ಬಿಟ್ಟಾಗ ಪೈಪಿನಿಂದ ಮಣ್ಣು ದೂರ ಸರಿತೈತಿ, ಅದ ಗುಂಡಿ ಮಳಿಗಾಲದಾಗ ಒಂದು ಲೆಕ್ಕ, ಏಪ್ರಿಲ್‌ನ್ಯಾಗ ಇನ್ನೊಂದ ಲೆಕ್ಕ. ಬ್ಯಾಸಿಗ್ಯಾಗ ವಾರಕ್ಕ ಒಂದೆರಡ ಕೊಡ ನೀರು ಗುಂಡಿಗೆ ಹಾಕ್ರಿ, ಅಳಸೂದಿದ್ರ ಬ್ಯಾಸಿಗ್ಯಾಗ ಅಳಸ್ರಿ.

ಇಷ್ಟು ಮಾಡಿದ ಮ್ಯಾಲ ನಾ ಅಂದ್ಕೊಂಡೆ ಇನ್ನ ಚಿಂತಿ ಇಲ್ಲ, ಎಂಸಿಬಿ ಐತಿ, ಅರ್ಥಿಂಗ್ ಐತಿ. ಕಾಕಾರು ಒಂದು ಹಾಳಿ ಮ್ಯಾಲ ಲೆಕ್ಕ ಹಾಕಿ ತೋರಿಸಿದ್ರು, ಇದನ್ನ ಎಲ್ಲಾರೂ ತಿಳ್ಕೋಬೇಕು ಅದಕ್ಕ ಬರಿತೀನಿ. ಅರ್ಥಿಂಗ್ 4 ಓಮ್. ಫೇಸ್ ಹೋಗಿ ಟ್ಯಾಂಕಿಗೆ ತಗಲ್ತು ಅಂದ್ರ 230 ಭಾಗಿಸು 4, ಅಂದ್ರ ಹೆಚ್ಚಂದ್ರ 57 ಆಂಪಿಯರ್ ಭೂಮಿಗೆ ಹೋಗ್ತೈತಿ. 20 ಆಂಪಿನ ಎಂಸಿಬಿ, ಮನ್ಯಾಗ ಹಾಕೂ ಸಿ ಟೈಪಿಂದು, ತಕ್ಷಣ ಬೀಳಬೇಕಂದ್ರ 100ರಿಂದ 200 ಆಂಪಿಯರ್ ಬೇಕು. 57ಕ್ಕ ಅದು ಒಳಗ ಕಾದು ಕಾದು ಎಷ್ಟೋ ಸೆಕೆಂಡ್ ಆದ ಮ್ಯಾಲ ಬೀಳ್ತೈತಿ, ಅಲ್ಲಿ ತನಕ ನಳದಾಗ ಕರೆಂಟ್. ಇನ್ನ ಗುಂಡಿ ಒಣಗಿ 30 ಓಮ್ ಆಗಿದ್ರ? 230 ಭಾಗಿಸು 30, ಎಂಟೂ ಪೂರ್ತಿ ಇಲ್ಲ. ಗೀಸರ್ ಸುಮ್ನ ನಡಿಯೂದ 13, ಎಂಟಕ್ಕ ಎಂಸಿಬಿ ಕದಲೂದೂ ಇಲ್ಲ. ಎಂಸಿಬಿ ಇರೂದು ವಾಯರ್ ಸುಡಬಾರದು ಅಂತ. ಮನಷ್ಯಾನ್ನ ಉಳಸೂದು ಅದರ ಕೆಲಸ ಅಲ್ಲ.

ಮನಷ್ಯಾನ್ನ ಉಳಸೂದು ಆರ್‌ಸಿಸಿಬಿ. ಕೆಲವ್ರು ಇಎಲ್‌ಸಿಬಿ ಅಂತ ಹಳೇ ಹೆಸರಲೆ ಕೇಳ್ತಾರ, ಅಂಗಡ್ಯಾಗ ಇದನ್ನ ಕೊಡ್ತಾರ. ಫೇಸಿನಿಂದ ಎಷ್ಟು ಕರೆಂಟ್ ಹೋತು, ನ್ಯೂಟ್ರಲಿನಿಂದ ಅಷ್ಟೂ ವಾಪಸ್ ಬಂತೇನು ಅಂತ ನೋಡ್ತಾ ಇರ್ತೈತಿ, 30 ಮಿಲಿ ಆಂಪಿಯರಿನಷ್ಟು ಕಡಿಮಿ ಬಂದ್ರೂ ಕಣ್ಣು ಮುಚ್ಚಿ ತೆಗಿಯೂದ್ರಾಗ ಲೈನ್ ಕಟ್. 30 ಮಿಲಿ ಅಂದ್ರ ಒಂದು ಆಂಪಿಯರಿನ ನೂರರಾಗ ಮೂರು ಪಾಲು. ಮನಷ್ಯಾನ ಎದಿ ತಾಳ ತಪ್ಪಾಕ ಅದಕ್ಕಿಂತ ಸ್ವಲ್ಪ ಜಾಸ್ತಿ ಸಾಕು, ಅದಕ್ಕ ಈ ನಂಬರ್ ಇಟ್ಟಾರ. ಅಂಗಡ್ಯಾಗ 100, 300 ಮಿಲಿದೂ ಇರ್ತಾವ, ಅವು ಬೆಂಕಿ ತಡಿಯಾಕ, ಬಚ್ಚಲಮನಿಗೆ 30ರದ್ದ ಬೇಕು ಅಂತ ಮೈಮ್ಯಾಲ ಬರದದ್ದನ್ನ ಓದಿ ತಗೋರಿ. ಜಾಗಾ ಕಡಿಮಿ ಇದ್ರ ಆರ್‌ಸಿಬಿಒ ಅಂತ ಬರ್ತೈತಿ, ಎಂಸಿಬಿ ಆರ್‌ಸಿಸಿಬಿ ಎರಡೂ ಒಂದರಾಗ.

ಆರ್‌ಸಿಸಿಬಿ ಹಾಕಿದ್ರ ಅರ್ಥಿಂಗ್ ಯಾಕ ಬೇಕು ಅಂತ ನಾದಿನಿ ಕೇಳಿದ್ಲು, ಛಲೋ ಪ್ರಶ್ನೆ. ಅರ್ಥಿಂಗ್ ಇದ್ರ ಲೀಕ್ ಆದ ಕರೆಂಟ್ ಹಸರ ವಾಯರಿನಿಂದ ಹೋಗ್ತೈತಿ, ನೀವು ಮುಟ್ಟೂದಕ್ಕ ಮೊದ್ಲ ಆರ್‌ಸಿಸಿಬಿ ಬಿದ್ದಿರ್ತೈತಿ. ಅರ್ಥಿಂಗ್ ಇಲ್ಲಂದ್ರ ಕರೆಂಟಿಗೆ ದಾರಿ ಇರೂದು ನಿಮ್ಮ ಮೈ ಒಂದ, ನಿಮಗ ಹೊಡದ ಮ್ಯಾಲ ಬೀಳ್ತೈತಿ. ಜೀವ ಉಳೀಬಹುದು, ಆದ್ರ ಬಚ್ಚಲಮನ್ಯಾಗ ಜೋಲಿ ಹೊಡದು ಬಿದ್ದು ತಲಿ ಒಡಕೊಂಡ್ರ? ವಯಸ್ಸಾದವ್ರು ಇದ್ದ ಮನ್ಯಾಗ ಅದೂ ಸಣ್ಣ ಮಾತಲ್ಲ. ಎರಡೂ ಬೇಕು.

ಮತ್ತೊಂದು. ಬಹಳಷ್ಟು ಮನ್ಯಾಗ ಆರ್‌ಸಿಸಿಬಿ ಹಾಕಿ ಆಮ್ಯಾಲ "ಅದು ಸುಮ್ಸುಮ್ನ ಬೀಳ್ತೈತಿ, ತ್ರಾಸು" ಅಂತ ಬೈಪಾಸ್ ಮಾಡಿಸಿರ್ತಾರ. ಅದು ಬಹುತೇಕ ಸುಮ್ಸುಮ್ನ ಬೀಳೂದಿಲ್ರಿ. ನಮ್ಮ ಮನ್ಯಾಗ ಇದ್ದಂಥಾ ನ್ಯೂಟ್ರಲ್ ತುಂಡು ಎಲ್ಲರ ಇದ್ರ, ಇಲ್ಲಾ ಒಂದು ಲೈನಿನ ನ್ಯೂಟ್ರಲ್ ಇನ್ನೊಂದಕ್ಕ ಕೂಡಿಸಿದ್ರ, ವಾಪಸ್ ಬರೂ ಕರೆಂಟ್ ಬ್ಯಾರೆ ದಾರಿ ಹಿಡಿತೈತಿ, ಅದಕ್ಕ ಬೀಳ್ತೈತಿ, ಅಂದ್ರ ವೈರಿಂಗಿನ ತಪ್ಪು ಅದು ತೋರಸಾಕತ್ತೈತಿ. ಹಳೇ ಮನ್ಯಾಗ ಇಡೀ ಮನಿಗೆ ಒಂದ ಹಾಕಿದ್ರ ಈ ಗೊಂದಲ ಜಾಸ್ತಿ, ಅದಕ್ಕ ಕಾಕಾರು ಗೀಸರಿಗೆ ಮೇನ್ ಬೋರ್ಡಿನಿಂದನ ಬ್ಯಾರೆ ಲೈನ್ ಎಳದು ಆ ಲೈನಿಗಷ್ಟ ಬ್ಯಾರೆ ಆರ್‌ಸಿಸಿಬಿ ಹಾಕಿದ್ರು. ಮುಂದ ಇಡೀ ಮನಿ ವೈರಿಂಗ್ ಮಾಡಿಸಿದಾಗ ಎಲ್ಲಾದಕ್ಕೂ ಹಾಕೂಣು ಅಂದಾರ.

ಆ ಹೊಸಾ ಲೈನ್ ಹಿಂಗೈತಿ: 4 ಸ್ಕ್ವೇರ್ ಎಂಎಂ ತಾಮ್ರದ ವಾಯರ್, ಫೇಸ್ ನ್ಯೂಟ್ರಲ್ ಅರ್ಥ್ ಮೂರೂ ನಡುವ ಎಲ್ಲೂ ಜಾಯಿಂಟ್ ಇಲ್ದ, 20 ಆಂಪ್ ಎಂಸಿಬಿ, ಆರ್‌ಸಿಸಿಬಿ, ಆಮ್ಯಾಲ ಬಚ್ಚಲಮನಿ ಬಾಗಲದ ಹೊರಗ 20 ಆಂಪಿನ ಡಿಪಿ ಸ್ವಿಚ್, ಕೆಂಪು ದೀಪ ಇದ್ದದ್ದು. ಡಿಪಿ ಅಂದ್ರ ಫೇಸ್ ನ್ಯೂಟ್ರಲ್ ಎರಡನ್ನೂ ಕೂಡೇ ಕಡಿತೈತಿ. ಸಾದಾ ಸ್ವಿಚ್ ಒಂದನ್ನ ಕಡಿತೈತಿ, ಹಳೇ ಮನ್ಯಾಗ ಫೇಸ್ ನ್ಯೂಟ್ರಲ್ ಅದಲ ಬದಲ ಆಗಿದ್ರ ಸ್ವಿಚ್ ಆಫ್ ಇದ್ರೂ ಎಲಿಮೆಂಟಿನ್ಯಾಗ ಫೇಸ್ ನಿಂತಿರ್ತೈತಿ. ಒಳಗ 16 ಆಂಪಿನ ಹೊಸಾ ಸಾಕೆಟ್, ಅದನ್ನ ನೀರು ಸಿಡಿಯೂದಕ್ಕಿಂತ ದೂರ, ತಲಿಗಿಂತ ಮ್ಯಾಲ ಹಾಕಿದ್ರು. 4.5 ಕಿಲೋವ್ಯಾಟಿನ ಮಾಡೆಲ್ ತಗೊಳ್ಳೂ ವಿಚಾರ ಇದ್ರ ಅದು ಹತ್ರತ್ರ 20 ಆಂಪಿಯರ್ ಎಳಿತೈತಿ, 16 ಆಂಪಿನ ಪ್ಲಗ್ಗ ಅದಕ್ಕ ತಾಳೂದಿಲ್ಲ, ನೇರ ಕನೆಕ್ಷನ್ ಬೇಕು, ಎಂಸಿಬಿನೂ ಬ್ಯಾರೆ. ಬಿಲ್ಲಿನ ಮ್ಯಾಲ ಹೆಸ್ಕಾಂದವ್ರು ನಿಮ್ಮ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಹಾಕಿರ್ತಾರ, ಹಳೇ ಕನೆಕ್ಷನ್ ಆಗಿದ್ರ ಅದನ್ನೂ ಒಮ್ಮೆ ನೋಡ್ರಿ, ಕಡಿಮಿ ಇದ್ರ ಏರಿಸ್ಕೋರಿ.

ಗೀಸರ್ ಹೊಸಾದೈತಿ, ಲೀಕ್ ಯಾಕ ಆಗ್ತೈತಿ ಅನ್ನೂವ್ರಿಗೆ ನಮ್ಮ ಊರಿನ ನೀರ ಉತ್ತರ. ಮಲಪ್ರಭಾ ನೀರು ಬಂದ ದಿನಾ ಛಲೋ, ಬರದ ದಿನಾ ಬೋರಿನ ಸವಳ ನೀರು. ಕಾಯಿಸಿದಂಗ ಕಾಯಿಸಿದಂಗ ಎಲಿಮೆಂಟಿನ ಮ್ಯಾಲ ಬಿಳೇ ಸುಣ್ಣದ ಪದರ ಕೂಡ್ತೈತಿ, ಶಾಖ ನೀರಿಗೆ ಹೋಗೂದು ಬಿಟ್ಟು ಒಳಗ ಉಳಿತೈತಿ, ಎಲಿಮೆಂಟಿನ ತಾಮ್ರದ ಕೊಳವಿ ಒಂದಿನ ಸಣ್ಣಗ ಸೀಳ್ತೈತಿ. ಆ ಕೊಳವಿ ಒಳಗ ತಂತಿ ಸುತ್ತ ಮ್ಯಾಗ್ನೀಸಿಯಂ ಆಕ್ಸೈಡ್ ಅಂತ ಬಿಳೇ ಪುಡಿ ತುಂಬಿರ್ತಾರ, ಒಣಾ ಇದ್ದಾಗ ಕರೆಂಟ್ ಹೊರಗ ಬಿಡೂದಿಲ್ಲ, ಹಸಿ ಹೀರಿತು ಅಂದ್ರ ಬಿಡ್ತೈತಿ. ನೀರು ಇಲ್ದ ಗೀಸರ್ ಹಚ್ಚಿದ್ರೂ ಇದ ಹಾಡು. ಟ್ಯಾಂಕ್ ಖಾಲಿ ಆಗಿ ನೀರು ಬಂದ ದಿನಾ ಮೊದ್ಲ ನಳ ಬಿಟ್ಟು ಗಾಳಿ ಹೋಗಿ ಧಾರಿ ಸಮ ಬಂದ ಮ್ಯಾಲ ಸ್ವಿಚ್ ಹಾಕ್ರಿ, ನಮ್ಮ ಊರಾಗ ಇದು ಭಾಳ ಮುಖ್ಯ.

ಕಾಕಾರ ಬಗ್ಗೆ ದೂರು ಇಲ್ಲಂತಲ್ಲ. ಹೇಳಿದ ದಿನಾ ಬರಲಿಲ್ಲ, ಮರುದಿನಾ ಬಂದ್ರು, ಗ್ವಾಡಿ ಕೊರದದ್ದಕ್ಕ ಗಿಲಾವ್ ಮಾಡೂ ಕೆಲಸ ನಮಗ ಬಿಟ್ರು, ಗೌಂಡಿನ್ನ ಬ್ಯಾರೆ ಕರಸಬೇಕಾತು. ಖರ್ಚು ಹೇಳ್ಬೇಕಂದ್ರ ಆರ್‌ಸಿಸಿಬಿ ಒಂದ 2000 ರೂಪಾಯಿ ಆಸುಪಾಸು, ವಾಯರ್, ಸ್ವಿಚ್, ಗುಂಡಿ, ಮಜೂರಿ ಎಲ್ಲಾ ಸೇರಿ ಗೀಸರಿನ ರೊಕ್ಕಕ್ಕಿಂತ ಜಾಸ್ತಿ ಆತು. ಗೀಸರ್ ತಗೊಳ್ಳೂವಾಗ ಈ ರೊಕ್ಕ ಕೂಡಿಸೇ ಲೆಕ್ಕ ಹಾಕ್ರಿ. ಎರಡೂ ಆಗಂಗಿಲ್ಲ ಅಂದ್ರ ಈ ವರ್ಷ ವೈರಿಂಗ್ ಮಾಡಿಸ್ರಿ, ಗೀಸರ್ ಮುಂದಿನ ವರ್ಷ ಬರಲಿ.

ಕೆಲಸ ಮುಗದ ಮ್ಯಾಲ ಅವ್ರು ಅದ ಬಲ್ಬನ್ನ ಮತ್ತ ಫೇಸಿಗೂ ಅರ್ಥಿಗೂ ಹಿಡದು ತೋರಿಸಿದ್ರು. ಈ ಸಲ ಬಲ್ಬ್ ಒಮ್ಮೆ ಮಿಂಚಿ ಟಕ್ ಅಂತ ಆರ್‌ಸಿಸಿಬಿ ಬಿತ್ತು. ಅದರ ಮ್ಯಾಲ ಟಿ ಅಂತ ಒಂದು ಸಣ್ಣ ಬಟನ್ ಐತಿ, ಒತ್ತಿದ್ರ ಬೀಳಬೇಕು, ಬೀಳಲಿಲ್ಲಂದ್ರ ಕೆಟ್ಟತಿ ಅಂತ ಅರ್ಥ. ಕರೆಂಟ್ ಬಿಲ್ ಬಂದ ದಿನಾ ಒತ್ತೂದು ಅಂತ ಅತ್ತಿಯವ್ರಿಗೆ ಕಲಿಸ್ಯಾರ, ಅವ್ರು ತಪ್ಪಸೂದಿಲ್ಲ. ಬಕೀಟ್ ತುಂಬಿದ ಮ್ಯಾಲ ಹೊರಗಿನ ಸ್ವಿಚ್ ಬಂದ್ ಮಾಡಿನ ಒಳಗ ಹೋಗೂದು ಮನ್ಯಾಗ ಎಲ್ಲಾರ ರೂಢಿ ಆಗೇತಿ.

ಸಪ್ತಾಪುರ ಕಡೆ ರೂಮ್ ಮಾಡ್ಕೊಂಡು ಪರೀಕ್ಷಾಕ್ಕ ಓದೂ ಹುಡುಗ್ರು ಹುಡುಗ್ಯಾರಿಗೆ ಈ ಖರ್ಚು ಆಗೂದಿಲ್ಲ ಅಂತ ನನಗೂ ಗೊತ್ತೈತಿ. ನಿಮಗ ಒಂದ ವಿನಂತಿ, ನಳಕ್ಕ ಸಿಗಿಸೂ ಪ್ಲಾಸ್ಟಿಕ್ ಹೀಟರ್ ಆನ್‌ಲೈನಿನ್ಯಾಗ ಅಗ್ಗಕ್ಕ ಸಿಗ್ತೈತಿ ಅಂತ ತಗೋಬ್ಯಾಡ್ರಿ. ಅದೂ 3 ಕಿಲೋವ್ಯಾಟ್ ಅಂತ ಬರದಿರ್ತಾರ, ರೂಮಿನ್ಯಾಗ ಇರೂದು 6 ಆಂಪಿನ ಸಣ್ಣ ಪ್ಲಗ್, ಅದಕ್ಕ ಕನ್ವರ್ಟರ್ ಪಿನ್ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಎಳದು, ಬೋರ್ಡ್ ಹಸಿ ನೆಲದ ಮ್ಯಾಲ ಇಟ್ಟು ಸ್ನಾನಾ ಮಾಡೂದನ್ನ ಕಣ್ಣಾರೆ ನೋಡೀನಿ, ನನಗ ಕೈ ಕಾಲು ನಡಗಿದ್ವು. ಬಕೀಟಿನ್ಯಾಗ ಕಾಯಿಲ್ ಹಾಕಿ ಕಾಸ್ತೀರಿ ಅಂದ್ರ ಸ್ವಿಚ್ ಬಂದ್ ಮಾಡಿ ಪ್ಲಗ್ ಕಿತ್ತಿಟ್ಟ ಮ್ಯಾಲ ನೀರಿಗೆ ಕೈ ಹಾಕ್ರಿ, ಕಬ್ಬಣದ ಸ್ಟೀಲಿನ ಬಕೀಟ್ ಬ್ಯಾಡ. ಮತ್ತ ರೂಮಿನ ಮಾಲಕರಿಗೆ ಎಲ್ಲಾರೂ ಕೂಡಿ ಹೋಗಿ ಆರ್‌ಸಿಸಿಬಿ ಹಾಕಸ್ರಿ ಅಂತ ಕೇಳ್ರಿ, ಅಷ್ಟು ಬಾಡಿಗಿ ತಗೊಳ್ಳೂವ್ರು 2000ದ ಸಾಮಾನು ಹಾಕಸಬಹುದು.

ಕಂಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಫಿಟ್ಟಿಂಗ್ ಮುಗದೈತಿ ಅಂತ ಅವ್ರ ಕಡೆ ದಾಖಲಾಗೇತಂತ, ವೈರಿಂಗ್ ನಮ್ಮ ಕೆಲಸ ಅಲ್ಲ ಅಂದ್ರು, ಅಷ್ಟಕ್ಕ ಮಾತು ಮುಗೀತು. ಫಿಟ್ಟಿಂಗಿಗೆ ಬರೂ ಹುಡುಗ್ರ ಹಾಳ್ಯಾಗ "ಸಾಕೆಟ್ ಬಿಚ್ಚಿ ಅರ್ಥ್ ವಾಯರ್ ನೋಡ್ದೆ" ಅನ್ನೂ ಒಂದು ಸಾಲು ಹಾಕ್ರಿ, ಇಲ್ಲಂದ್ರ ಪ್ಲಗ್ ಸಿಗಿಸೂದ ಬ್ಯಾಡ ಅಂತ ಬರದು ಕಳಿಸೀನಿ. ಹುಬ್ಬಳ್ಳಿ ಅಂಗಡಿಯವ್ರಿಗೂ ಹೋಗಿ ಹೇಳಿ ಬಂದೆ, ಅವ್ರು ಪೂರ್ತಿ ಕೇಳಿಸ್ಕೊಂಡ್ರು, ಗೀಸರಿನ ಬಗಲಾಗ ಆರ್‌ಸಿಸಿಬಿ ಇಟ್ಟು ಗಿರಾಕಿಗೆ ತೋರಿಸ್ತೀವಿ ಅಂದಾರ. ಬಗಲ ಮನಿಯವ್ರು ನಮ್ಮಲ್ಲಿ ಆದದ್ದು ನೋಡಿ ತಮ್ಮದೂ ಬಿಚ್ಚಿಸಿದ್ರು, ಅಲ್ಲೂ ಹಸರ ವಾಯರ್ ಇರಲಿಲ್ಲ, ನ್ಯೂಟ್ರಲಿಂದ ತುಂಡು ಹಾಕಿದ್ರು. ಈಗ ಕಾಕಾರು ಅವ್ರ ಹಿತ್ತಲದಾಗ ಗುಂಡಿ ತಗಸಾಕತ್ತಾರ.